ಬಾಣಂತಿಯ ಮನಸ್ಸು: ಕುಮಟಾ, ಅಂಕೋಲಾದಿಂದ ಎರಡು ಪ್ರಶ್ನೆಗಳು

ಪ್ರಶ್ನೆ: ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಮಗುವಿಗೆ ಐದು ವಾರ. ಹಾಲು ಕುಡಿಯುತ್ತದೆ, ತೂಕವೂ ಏರಿದೆ. ಆದರೆ ಮೂರು ವಾರಗಳಿಂದ ಮಗಳು ಮಂಕಾಗಿದ್ದಾಳೆ. ಮಗು ಮಲಗಿದ್ದಾಗಲೂ ಅವಳಿಗೆ ನಿದ್ದೆಯಿಲ್ಲ. ಎದ್ದೆದ್ದು ಅದರ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾಳೆ. ಮೊನ್ನೆ, “ಆಯಿ, ಇದ್ನ ನೀನೇ ಇಟ್ಕ, ನನ್ನತ್ರ ಆಗ್ತಿಲ್ಲೆ” ಎಂದು ಅತ್ತಳು. ಆಸ್ಪತ್ರೆಯಲ್ಲಿ ರಕ್ತದೊತ್ತಡ, ಹೊಲಿಗೆ, ಮಗುವಿನ ತೂಕ ನೋಡಿ ಎಲ್ಲ ಸರಿಯಿದೆ ಎಂದು ಕಳಿಸಿದರು. ನೆರೆಯವರು ದೃಷ್ಟಿ ತೆಗೆಸಿ ಎನ್ನುತ್ತಾರೆ. ಬಾಣಂತನ ಮುಗಿದರೆ ತಾನಾಗಿ ಸರಿಹೋಗುವುದೇ? ಮಾತ್ರೆ ಕೊಟ್ಟರೆ ಹಾಲು ಬಿಡಿಸಬೇಕೇ?
— ಒಬ್ಬ ತಾಯಿ, ಕುಮಟಾ ತಾಲ್ಲೂಕು

ಉತ್ತರ: ದಯವಿಟ್ಟು ಬಾಣಂತನ ಮುಗಿಯುವವರೆಗೆ ಕಾಯಬೇಡಿ. ಹೆರಿಗೆಯಾದ ಮೂರನೆಯ ಅಥವಾ ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು, ಸಿಡುಕುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಕಂಡುಬರುತ್ತದೆ, ಮತ್ತು ಅದು ಎರಡು ವಾರದೊಳಗೆ ಔಷಧವಿಲ್ಲದೆ ಇಳಿಯುತ್ತದೆ. ನಿಮ್ಮ ಮಗಳು ಆ ಗಡಿಯನ್ನು ದಾಟಿದ್ದಾಳೆ. ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬಾರದಿರುವುದು ನನಗೆ ಅಳುವಿಗಿಂತ ಮುಖ್ಯವಾದ ಸುಳಿವು. ನೀವು ಬರೆದದ್ದನ್ನೆಲ್ಲ ಕೂಡಿಸಿ ನೋಡಿದರೆ ಇದು ಆತಂಕ ಬೆರೆತ ಹೆರಿಗೆ ನಂತರದ ಖಿನ್ನತೆಯಿರಬಹುದು. ನಿರ್ಧಾರ ಮಾತ್ರ ಅವಳನ್ನು ಕಂಡು ಮಾತನಾಡಿದ ವೈದ್ಯರದು.

ಇದು ಅಪರೂಪದ ಕಾಯಿಲೆಯಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ ನೂರರಲ್ಲಿ ಸುಮಾರು 20 ತಾಯಂದಿರಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಉಂಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಳಿ ಸೇತುವೆಯ ಆಚೆಗಿನ ಗೋವೆಯಲ್ಲೇ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರಗಳಾಗಿದ್ದ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆಯಿತ್ತು. ಬಡತನ, ಗಂಡನೊಂದಿಗಿನ ವಿರಸ, ಹುಟ್ಟಿದ್ದು ಹೆಣ್ಣು ಎಂಬ ಅಸಮಾಧಾನ ಇವು ಅದರ ಹಿಂದಿದ್ದವು. ಅಷ್ಟು ಮಂದಿಗೆ ಬರುವ ಕಾಯಿಲೆಯನ್ನು ನಾವು ಕೇಳಿ ತಿಳಿಯುವುದಿಲ್ಲ. ನಿಮ್ಮ ಮಗಳ ಹೊಲಿಗೆಯನ್ನು ನೋಡಿದವರು, “ಮನಸ್ಸು ಹೇಗಿದೆ ತಂಗಿ” ಎಂದು ಒಂದು ಮಾತು ಕೇಳಿದ್ದರೆ ನೀವು ಈ ಪತ್ರ ಬರೆಯಬೇಕಾಗುತ್ತಿರಲಿಲ್ಲವೇನೋ.

ಹಾಗೆ ಕೇಳಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪನವೊಂದು 1987ರಿಂದಲೂ ಬಳಕೆಯಲ್ಲಿದೆ, ಕನ್ನಡದಲ್ಲಿಯೂ ಇದೆ. ಮೂವತ್ತರಲ್ಲಿ 13 ಅಥವಾ ಹೆಚ್ಚು ಅಂಕ ಬಂದರೆ ಮನೋವೈದ್ಯರು ಕೂಲಂಕಷವಾಗಿ ನೋಡಬೇಕು. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಹೌದೆಂಬ ಉತ್ತರ ಬಂದರೆ ಉಳಿದ ಅಂಕಗಳ ಲೆಕ್ಕ ಬೇಕಾಗಿಲ್ಲ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ನೀವೂ ಅವಳನ್ನು ನೇರವಾಗಿ ಕೇಳಿ: “ಬದುಕೇ ಬೇಡ ಅನ್ನಿಸುತ್ತದೆಯೇ?” ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಒಳಗೆ ಇದ್ದರೆ ಹೊರಗೆ ಬರುತ್ತದೆ.

ರಕ್ತಹೀನತೆ ಮತ್ತು ಥೈರಾಯ್ಡ್ ಏರುಪೇರು ಇದೇ ಬಗೆಯ ಸುಸ್ತು, ಮಂಕು ತರುವುದರಿಂದ ಆ ಎರಡು ರಕ್ತಪರೀಕ್ಷೆಗಳನ್ನು ಮೊದಲೇ ಮಾಡಿಸಿ. ಖಿನ್ನತೆ ಸೌಮ್ಯವಾಗಿದ್ದರೆ ಆಪ್ತ ಸಮಾಲೋಚನೆಯೊಂದೇ ಸಾಕಾಗಬಹುದು. ಮಾತ್ರೆ ಬೇಕಾದರೂ ಹಾಲು ಬಿಡಿಸಬೇಕೆಂದಿಲ್ಲ: ಬಾಣಂತಿಯರಿಗೆ ಸಾಮಾನ್ಯವಾಗಿ ಬರೆಯುವ ಸರ್ಟ್ರಾಲಿನ್ ಎದೆಹಾಲಿಗೆ ಸೇರುವ ಪ್ರಮಾಣ ತೀರಾ ಕಡಿಮೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗೆಲುವಾದಳೆಂದು ನೀವೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಮನೆಯ ಮಾತು. ನಮ್ಮ ಬಾಣಂತನದ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಹಂಡೆಯ ಬಿಸಿನೀರು, ಎಣ್ಣೆ ನೀವುವ ಕೈ, ಬೇಯಿಸಿ ಬಡಿಸುವ ತಾಯಿ, ಇವೆಲ್ಲ ದುಡ್ಡು ಕೊಟ್ಟರೂ ಸಿಗದ ಆರೈಕೆ. ಆದರೆ ಅದೇ ಕೋಣೆಗೆ ದಿನಕ್ಕೆ ನಾಲ್ಕು ಜನ ಬಂದು ತೊಟ್ಟಿಲಿಗೆ ಬಾಗಿ, “ಹಾಲು ಸಾಲ್ತಾ ಇಲ್ಲ ಕಾಣ್ತದೆ” ಎಂದು ಹೋಗುತ್ತಾರೆ. ಅವರು ಗೇಟು ದಾಟುವ ಮೊದಲೇ ಆ ಮಾತನ್ನು ಮರೆತಿರುತ್ತಾರೆ, ಅವಳು ರಾತ್ರಿಯಿಡೀ ಮರೆಯುವುದಿಲ್ಲ. ಕೆಲವು ವಾರ ಅವರನ್ನು ಜಗಲಿಯಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸಿ. ಸಂಜೆ ಹಾಲು ಕುಡಿಸಿದ ಬಳಿಕ ಮಗುವನ್ನು ನಿಮ್ಮ ಪಕ್ಕಕ್ಕೆ ಒಯ್ದು, ಅವಳಿಗೆ ನಾಲ್ಕೈದು ತಾಸು ಒಂದೇ ಸಮನೆ ಮಲಗಲು ಬಿಡಿ. ನಡುವೆ ಒಂದು ಸಲ ಹಿಂಡಿಟ್ಟ ಎದೆಹಾಲನ್ನೇ ಕುಡಿಸಬಹುದು. “ಅಷ್ಟು ಚಂದದ ಮಗುವಿದೆ, ನಿನಗೇನು ಕಡಿಮೆ” ಎಂಬ ಸಮಾಧಾನವನ್ನು ಮಾತ್ರ ಹೇಳಬೇಡಿ. ಆ ಪ್ರಶ್ನೆಯನ್ನು ಅವಳು ತನಗೆ ತಾನೇ ನೂರು ಸಲ ಕೇಳಿಕೊಂಡಿರುತ್ತಾಳೆ. ದೃಷ್ಟಿ ತೆಗೆಯುವುದಕ್ಕೆ ನನ್ನ ಆಕ್ಷೇಪವೇನಿಲ್ಲ. ಅದು ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಆಸ್ಪತ್ರೆಗೆ ಹೊರಡಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ನಿಮಗೆ ಹತ್ತಿರದ್ದು. ಹೊರಡುವ ಮುನ್ನ ವೈದ್ಯರು ಬರುವ ದಿನವನ್ನು ವಿಚಾರಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯಿದ್ದರೆ ಮಂಗಳವಾರದವರೆಗೆ ಕಾಯುವಂತಿಲ್ಲ. ಇನ್ನೊಂದು ಸ್ಥಿತಿಯಲ್ಲೂ ಕಾಯುವಂತಿಲ್ಲ. ಹಿರಿಯರು ಬಾಣಂತಿ ಸನ್ನಿ ಎನ್ನುವ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳೊಳಗೆ ಬರುತ್ತದೆ: ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದಿರುವುದು, ಅಸಂಬದ್ಧ ಮಾತು, ಯಾರದೋ ದನಿ ಕೇಳಿಸುವುದು, ಮಗು ಬದಲಾಗಿದೆ ಅಥವಾ ಅದರಲ್ಲಿ ಏನೋ ಸೇರಿದೆ ಎಂಬ ನಂಬಿಕೆ. ಆಗ ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡದೆ, 108ಕ್ಕೆ ಕರೆಮಾಡಿ ಅದೇ ದಿನ ಆಸ್ಪತ್ರೆ ಸೇರಿಸಬೇಕು. ದಾಖಲಿಸಿದರೆ ಮಗುವನ್ನು ಅಗಲಿಸುತ್ತಾರೆಂಬ ಭಯ ಬೇಡ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡು ಇದೆ.

ಪ್ರಶ್ನೆ: ನಾನು ಕರಾವಳಿಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಬಾಣಂತಿಯರ ಮನಸ್ಸಿನ ವಿಷಯ ವಿಚಾರಿಸಬೇಕೆಂದರೆ ಅತ್ತೆ ಬಾಗಿಲಲ್ಲೇ ನಿಂತಿರುತ್ತಾರೆ, ಗಂಡ ಬೋಟಿಗೆ ಹೋಗಿರುತ್ತಾನೆ. ಏನೆಂದು ಕೇಳಲಿ?
— ಅಂಕೋಲಾ ತಾಲ್ಲೂಕು

ಉತ್ತರ: ನೀವು ಆಸ್ಪತ್ರೆಯ ಹೆರಿಗೆಯ ನಂತರ 42 ದಿನಗಳಲ್ಲಿ ಆರು ಸಲ ಆ ಮನೆಯ ಹೊಸ್ತಿಲು ದಾಟುತ್ತೀರಿ. ಅಷ್ಟು ಸಲ ಅವಳನ್ನು ಕಾಣುವ ಅವಕಾಶ ನಮ್ಮಂಥ ವೈದ್ಯರಿಗಿಲ್ಲ. ಮಗುವನ್ನು ಜೋಳಿಗೆಗೆ ಹಾಕಿ ತಕ್ಕಡಿಗೆ ತೂಗಿಸಿದಾಗ ಎಲ್ಲರ ಕಣ್ಣು ಮುಳ್ಳಿನ ಮೇಲಿರುತ್ತದೆ. ತೂಕ ಬರೆದುಕೊಂಡು ಮಗುವನ್ನು ಅತ್ತೆಯ ಕೈಗೇ ಕೊಟ್ಟು, “ಅಮ್ಮ, ಇದನ್ನು ಸ್ವಲ್ಪ ಎಳೆಬಿಸಿಲಿಗೆ ಹಿಡಿಯಿರಿ, ನಾನು ಇವಳ ಹೊಲಿಗೆ ನೋಡುತ್ತೇನೆ” ಎನ್ನಿ. ಐದು ನಿಮಿಷ ಸಿಗುತ್ತದೆ. ಆಗ ಎರಡೇ ಪ್ರಶ್ನೆ ಕೇಳಿ: ಕಳೆದ ಒಂದು ತಿಂಗಳಲ್ಲಿ ಆಗಾಗ ಬೇಸರ, ದಿಕ್ಕು ತೋಚದಂತಾಗುವುದು ಇದೆಯೇ? ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಈಗ ಮನಸ್ಸಿಲ್ಲವೇ? ಒಂದಕ್ಕೆ ಹೌದೆಂದರೂ ಮೇಲೆ ಹೇಳಿದ ಹತ್ತು ಪ್ರಶ್ನೆಗಳ ಪಟ್ಟಿಗೆ, ವೈದ್ಯರಿಗೆ ದಾರಿ ತೋರಿಸಿ. ಬಸುರಿಯರನ್ನೂ ಹೀಗೆಯೇ ಕೇಳಿ, ಏಕೆಂದರೆ ಅನೇಕರಲ್ಲಿ ಖಿನ್ನತೆ ಹೆರಿಗೆಗೆ ಮುಂಚೆಯೇ ಶುರುವಾಗಿರುತ್ತದೆ. ಮೊದಲೇ ಮನೋರೋಗದ ಮಾತ್ರೆ ನುಂಗುತ್ತಿದ್ದವಳು ಬಸುರಿಯೆಂದು ತಿಳಿದೊಡನೆ ತಾನಾಗಿ ನಿಲ್ಲಿಸದಂತೆ ನೋಡಿಕೊಳ್ಳಿ. ಕೆಲವು ಮಾತ್ರೆ, ಉದಾಹರಣೆಗೆ ವಾಲ್‌ಪ್ರೋಯೇಟ್, ಗರ್ಭಕ್ಕೆ ಅಪಾಯಕಾರಿಯಾದ್ದರಿಂದ ಅದನ್ನು ಬದಲಿಸುವ ಕೆಲಸ ವೈದ್ಯರದು.

ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ನಿಷೇಧವಿರುವಾಗ ಗಂಡ ಮನೆಯಲ್ಲಿ ಸಿಗುತ್ತಾನೆ. ಅವಳು ಒಪ್ಪಿದರೆ ಅವನೆದುರಿಗೂ ಮಾತನಾಡಿ. ಸಾಧ್ಯವಾದರೆ ಮೊದಲ ಸಲ ನೀವೇ ಜೊತೆಗೆ ಹೋಗಿ ಚೀಟಿ ಮಾಡಿಸಿ. ಮನೋರೋಗ ವಿಭಾಗದ ಫಲಕದ ಕೆಳಗೆ ಊರಿನ ಯಾರಾದರೂ ಕಂಡಾರೆಂದು ಅಂಜಿ ಆಸ್ಪತ್ರೆಯ ಗೇಟಿನಿಂದಲೇ ಬಸ್ಸು ಹತ್ತಿ ಮರಳಿದವರು ನಮ್ಮಲ್ಲಿ ಬಹಳ ಮಂದಿ.