ಖನಿಜ ಮಿಶ್ರಣ ಕೊಟ್ಟರೆ ಹೋರಿಗರು ಬೆಳೆಯುತ್ತವೆಯೇ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ವರ್ಷ ತುಂಬಿದ ಎರಡು ಹೋರಿಗರುಗಳಿಗೆ ಶೇಂಗಾ ಹೊಟ್ಟು, ಜೋಳದ ಸಪ್ಪೆ ಹಾಕುತ್ತಿದ್ದರೂ ಅವು ಮೈ ಹಿಡಿಯುತ್ತಿಲ್ಲ. ಕೂದಲು ಒರಟಾಗಿದೆ, ಮಣ್ಣು ನೆಕ್ಕುತ್ತವೆ, ಬಟ್ಟೆ ಕಂಡರೆ ಅಗಿಯುತ್ತವೆ. ಖನಿಜ ಮಿಶ್ರಣವೇ ಬೇಕೆ, ಸುಣ್ಣದ ತಿಳಿನೀರು ಸಾಕೆ?

ಉತ್ತರ: ಸುಣ್ಣದ ತಿಳಿನೀರನ್ನು ದಯವಿಟ್ಟು ಕುಡಿಸಬೇಡಿ. ಶೇಂಗಾ ಹೊಟ್ಟಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ. ಕಡಿಮೆ ಇರುವುದು ರಂಜಕ (ಫಾಸ್ಫರಸ್), ಒಣಗಿದ ಜೋಳದ ಸಪ್ಪೆಯಲ್ಲೂ ಅದರದೇ ಕೊರತೆ. ಮಣ್ಣು ನೆಕ್ಕುವ, ಬಟ್ಟೆ ಅಗಿಯುವ ಚಾಳಿ ಹೆಚ್ಚಾಗಿ ಈ ಕೊರತೆಯಿಂದಲೇ ಬರುತ್ತದೆ. ರಂಜಕ ಮೂಳೆಗೆ ಮಾತ್ರ ಬೇಕಾದದ್ದಲ್ಲ. ಮೇವಿನ ನಾರನ್ನು ಜೀರ್ಣಿಸುವ ಮೆಲುಕುಚೀಲದ ಸೂಕ್ಷ್ಮಜೀವಿಗಳಿಗೂ ಅದು ಬೇಕು. ಅದು ಸಾಲದೆ ಹೋದಾಗ ಹಸಿವು ತಗ್ಗಿ, ಗೋದಲಿಯಲ್ಲಿ ಮೇವಿದ್ದರೂ ಕರು ತಿನ್ನುವುದು ಕಡಿಮೆಯಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಮೇಯಲು ಬಿಟ್ಟಾಗ ಇಂಥ ಕರುಗಳು ಸತ್ತ ದನದ ಮೂಳೆಯನ್ನೂ ಕಡಿಯುತ್ತವೆ. ಅದರಿಂದ ಪ್ರಾಣಕ್ಕೇ ಕುತ್ತು ತರುವ ಬಾಟ್ಯುಲಿಸಂ ಎಂಬ ವಿಷಬಾಧೆ ತಗುಲಬಹುದಾದ್ದರಿಂದ ಕಣ್ಣಿಟ್ಟಿರಿ.

ಆದರೆ ಜಂತುಬಾಧೆಯಲ್ಲಿಯೂ ಕೂದಲು ಒರಟಾಗುತ್ತದೆ, ಮಣ್ಣು ತಿನ್ನುವ ಚಾಳಿ ಬರುತ್ತದೆ. ಮೊದಲು ಪಶುವೈದ್ಯರಲ್ಲಿ ಸಗಣಿ ಪರೀಕ್ಷೆ ಮಾಡಿಸಿ, ಅವರು ಹೇಳಿದ ಜಂತುನಾಶಕ ಕುಡಿಸಿ. ಬಳಿಕ ಪ್ರತಿ ಕರುವಿಗೆ ದಿನಕ್ಕೆ 25ರಿಂದ 30 ಗ್ರಾಂ ಖನಿಜ ಮಿಶ್ರಣವನ್ನು ನೀರು ಚಿಮುಕಿಸಿದ ತೌಡಿನಲ್ಲಿ ಕಲಸಿ ಕೊಡಿ. ಒಣದಾಗಿ ಉದುರಿಸಿದರೆ ಪುಡಿ ಗೋದಲಿಯ ತಳದಲ್ಲೇ ಉಳಿದುಬಿಡುತ್ತದೆ. ಐಎಸ್‌ಐ ಗುರುತಿರುವ, ರಂಜಕದ ಪ್ರಮಾಣ ಶೇ 12ರಷ್ಟೆಂದು ಚೀಲದ ಮೇಲೆ ನಮೂದಿಸಿರುವ ಮಿಶ್ರಣವನ್ನೇ ಕೊಳ್ಳಿ. ತೌಡಿನಲ್ಲಿಯೂ ರಂಜಕ ಹೇರಳವಾಗಿದೆ.

ಇಷ್ಟಾದರೂ ಖನಿಜವೊಂದೇ ಮಾಂಸಖಂಡ ಬೆಳೆಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕೊರತೆ ಇರುವಲ್ಲಿ ಅದು ಬೆಳವಣಿಗೆಗಿದ್ದ ತಡೆಯನ್ನು ತೆಗೆಯುತ್ತದೆ. ಕೊರತೆ ಇಲ್ಲದ ಕರುವಿಗೆ ಹೆಚ್ಚು ಕೊಟ್ಟಷ್ಟೂ ಹಣ ವ್ಯರ್ಥ. ಮೈಗೂಡಲು ಪ್ರೋಟೀನ್ ಬೇಕು, ಅದಕ್ಕೆ ಶೇಂಗಾ ಹಿಂಡಿ ಮತ್ತು ಒಂದಿಷ್ಟು ಹಸಿಮೇವು ಬೇಕು. ಪರಿಣಾಮವನ್ನು ಕಣ್ಣಂದಾಜಿನಲ್ಲಿ ಅಳೆಯದೆ, ಮುಂಗಾಲುಗಳ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಿಂದ ಅಳೆದು ಬರೆದಿಡಿ.

ನಿಮ್ಮ ಕಡೆ ಕುರಿ ಸಾಕಣೆ ಹೆಚ್ಚಾದ್ದರಿಂದ ಇನ್ನೊಂದು ಮಾತು: ದನಗಳ ಖನಿಜ ಮಿಶ್ರಣವನ್ನು ಕುರಿಗಳಿಗೆ ಹಾಕಬೇಡಿ. ಅದರಲ್ಲಿರುವ ತಾಮ್ರ ಕುರಿಯ ಯಕೃತ್ತಿನಲ್ಲಿ ಸಂಗ್ರಹವಾಗುತ್ತಾ ಹೋಗಿ ವಿಷವಾಗಬಲ್ಲದು.