ಅಣ್ಣನ ಮಗ ಮಾತಾಡುತ್ತಿಲ್ಲ, ಅಣ್ಣ ನನ್ನ ಜೊತೆ ಮಾತಾಡುತ್ತಿಲ್ಲ

ಪ್ರಶ್ನೆ: ನಮ್ಮೂರು ಗಂಗಾವತಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ವಿಷಯದಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಯುಗಾದಿಗೆ ಊರಿಗೆ ಬಂದಾಗ ಅಣ್ಣನ ಮಗನನ್ನು ಗಮನಿಸಿದೆ. ಅವನಿಗೆ 2 ವರ್ಷ 4 ತಿಂಗಳು. ‘ಅಮ್ಮ’ ಬಿಟ್ಟರೆ ಬೇರೆ ಮಾತಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಯಾರಿಗೂ ಹೇಳದೆ ನಾಲ್ಕು ದಿನ ನೋಟ್‌ಬುಕ್‌ನಲ್ಲಿ ಬೆಳವಣಿಗೆಯ ಚೆಕ್‌ಲಿಸ್ಟ್‌ಗೆ ಟಿಕ್ ಹಾಕುತ್ತಾ ಹೋದೆ. ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದಾಗ ‘ಇದು ಆಟಿಸಂ ಇರಬಹುದು’ ಅಂದುಬಿಟ್ಟೆ. ಅತ್ತಿಗೆ ಎದ್ದು ಹೋದರು. ಆಮೇಲೆ ನೋಟ್‌ಬುಕ್ ಅವರ ಕೈಗೇ ಸಿಕ್ಕಿತು. ಈಗ ಅಣ್ಣ ಮಾತು ಬಿಟ್ಟಿದ್ದಾನೆ. ಅಪ್ಪ ‘ಮಕ್ಕಳನ್ನ ಸಾಕೋದು ಕಲಿಯೋಕೆ ಯೂನಿವರ್ಸಿಟಿ ಬೇಕಾ, ಸಾಕು ಬಿಡು’ ಅನ್ನುತ್ತಾರೆ. ಅತ್ತಿಗೆ ನಮ್ಮ ಸೋದರಮಾವನ ಮಗಳೇ, ಚಿಕ್ಕಂದಿನಿಂದ ಜೊತೆಗೆ ಆಡಿದವರು. ನಾನು ಕೋರ್ಸ್ ಬಿಡಲಾ? ಸುಮ್ಮನಿದ್ದುಬಿಡಲಾ?

ಉತ್ತರ:

ಕೋರ್ಸೂ ಬಿಡಬೇಡ ತಂಗಿ, ಸುಮ್ಮನೂ ಇರಬೇಡ. ಆದರೆ ಮೊದಲು ಅತ್ತಿಗೆಯ ಹತ್ತಿರ ತಪ್ಪು ಒಪ್ಪಿಕೋ.

ನೀನು ನೋಡಿದ್ದು ಸರಿಯಾಗಿಯೇ ಇದೆ. ಎರಡು ವರ್ಷ ತುಂಬುವಷ್ಟರಲ್ಲಿ ಮಗು ‘ಅಮ್ಮ ಬಾ’, ‘ಹಾಲು ಕೊಡು’ ಅಂತ ಎರಡೆರಡು ಮಾತು ಜೋಡಿಸಬೇಕು. ಅದು ಬಂದಿಲ್ಲ, ಹೆಸರಿಗೂ ತಿರುಗುತ್ತಿಲ್ಲ ಅಂದರೆ ಕಾಯುವುದು ಬೇಡ. ‘ಗಂಡು ಮಕ್ಕಳು ತಡವಾಗಿಯೇ ಮಾತಾಡ್ತಾವೆ, ಬಜೆ ತೇದು ನಾಲಿಗೆಗೆ ಹಚ್ಚಿ’ ಅನ್ನುವವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ. ನನ್ನ ಮಗನ ವಿಷಯದಲ್ಲಿ ನಾನೂ ಆ ಮಾತು ನಂಬಿ ಆರು ತಿಂಗಳು ಕಾದೆ. ಅವನಿಗೆ ಮಾತು ಬಂತು, ನನ್ನ ಪುಣ್ಯ. ಬರದೆ ಇದ್ದಿದ್ದರೆ ಆ ಆರು ತಿಂಗಳನ್ನು ಯಾರೂ ವಾಪಸ್ ಕೊಡುತ್ತಿರಲಿಲ್ಲ.

ನೀನು ಎಡವಿದ್ದು ಆ ನೋಟ್‌ಬುಕ್ಕಿನಲ್ಲಿ. ಬೇರೆಯವರ ಮನೆಗೆ ಪ್ರಾಜೆಕ್ಟ್‌ಗೆ ಹೋಗುವಾಗ ತಾಯಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೀಯ, ಅಲ್ವಾ? ಸ್ವಂತ ಅತ್ತಿಗೆಯನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಹಬ್ಬಕ್ಕೆ ಬಂದ ನಾದಿನಿ ಹೋಳಿಗೆ ತಿನ್ನುತ್ತಾ ತನ್ನ ಮಗನಿಗೆ ಮಾರ್ಕ್ಸ್ ಹಾಕುತ್ತಿದ್ದಳು ಅಂತ ಗೊತ್ತಾದಾಗ ಆ ಹೆಣ್ಣುಮಗಳಿಗೆ ಹೇಗಾಗಿರಬೇಕು! ನಿನ್ನ ವಿಭಾಗದ ಹೆಸರಿನ ಮೊದಲ ಅರ್ಧ ಮಾತ್ರ ನೀನು ನೆನಪಿಟ್ಟುಕೊಂಡೆ. ‘ಕುಟುಂಬ ಅಧ್ಯಯನ’ ಅನ್ನುವ ಎರಡನೇ ಅರ್ಧ ಧಾರವಾಡದಲ್ಲೇ ಉಳಿಯಿತು.

ಇನ್ನೊಂದು, ‘ಆಟಿಸಂ’ ಅನ್ನುವ ಮಾತು. ಮಾತಾಡುವುದು, ಬೇರೆಯವರ ಜೊತೆ ಬೆರೆಯುವುದು ಮಗುವಿಗೆ ಕಷ್ಟವಾಗುವ ಬೆಳವಣಿಗೆಯ ತೊಡಕು ಅದು. ಚೆಕ್‌ಲಿಸ್ಟ್ ಹೇಳುವುದು ‘ಈ ಮಗುವನ್ನು ಒಮ್ಮೆ ತೋರಿಸಿ’ ಅಂತ ಮಾತ್ರ. ಕಾಯಿಲೆಗೆ ಹೆಸರಿಡುವುದು ಅದರ ಕೆಲಸವಲ್ಲ, ನಿನ್ನದೂ ಅಲ್ಲ. ಮಗುವಿನ ಬೆಳವಣಿಗೆ ಅಳೆಯಲು ಬರೋಡಾದಲ್ಲಿ ಪ್ರಮೀಳಾ ಫಾಟಕ್ ರೂಪಿಸಿದ ಡಾಸಿ ಮಾಪನವನ್ನು ನೀನು ಓದಿರುತ್ತೀಯ. 30 ತಿಂಗಳವರೆಗಿನ ಮಕ್ಕಳಿಗೆ ಅದರಲ್ಲಿ ಚಲನೆಯ 67, ಬುದ್ಧಿಯ 163 ಅಂಶಗಳಿವೆ. ಅದನ್ನು ತರಬೇತಿ ಆದವರು ಮಗುವಿನ ಜೊತೆ ಕೂತು ನೋಡಬೇಕು. ಊಟದ ಪಂಕ್ತಿಯಲ್ಲಿ ಆಗುವ ಕೆಲಸ ಅಲ್ಲ.

ಅಲ್ಲದೆ ಇಂಥ ಮಗುವಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಿವಿ. ‘ತಟ್ಟೆ ಬಿದ್ದರೆ ತಿರುಗುತ್ತಾನೆ, ಮೊಬೈಲ್ ಹಾಡಿಗೆ ಓಡಿ ಬರುತ್ತಾನೆ, ಕಿವಿ ಚೆನ್ನಾಗಿದೆ’ ಅಂತ ಮನೆಯವರು ಹೇಳಬಹುದು. ಕಿವಿ ಅಂದರೆ ಒಂದೋ ಪೂರ್ತಿ ಕೇಳುವುದು, ಇಲ್ಲವೇ ಪೂರ್ತಿ ಕೇಳದಿರುವುದು ಅಲ್ಲ. ಡೊಳ್ಳಿನಂಥ ದಪ್ಪ ಸದ್ದು ಕೇಳುವ ಮಗುವಿಗೆ ‘ಸ’, ‘ಶ’ದಂಥ ಸಣ್ಣ ದನಿಗಳು ಕೇಳದೇ ಇರಬಹುದು. ಮಾತು ಗೊಣಗಿದ ಹಾಗೆ ಕೇಳಿದರೆ ಮಗು ಕಲಿಯುವುದಾದರೂ ಹೇಗೆ? ಇನ್ನು ಅಣ್ಣ ಅತ್ತಿಗೆಯದು ರಕ್ತಸಂಬಂಧದ ಮದುವೆ. ಅಂಥ ಕಡೆ ಹುಟ್ಟಿನಿಂದ ಬರುವ ಕಿವಿಯ ತೊಂದರೆ ಸ್ವಲ್ಪ ಜಾಸ್ತಿ. ಇದನ್ನು ನೀನು ಮನೆಯಲ್ಲಿ ಎತ್ತಲೇಬೇಡ. ಡಾಕ್ಟರ್ ಕೇಳುತ್ತಾರೆ, ಅಣ್ಣ ಹೇಳುತ್ತಾನೆ, ಅಷ್ಟೇ.

ಈಗ ಮಾಡಬೇಕಾದದ್ದು. ಅತ್ತಿಗೆ ಒಬ್ಬರೇ ಇದ್ದಾಗ ಹೋಗು. ಆ ಹಾಳೆಗಳನ್ನು ಹರಿದು ಅವರ ಕೈಗೆ ಕೊಡು. ‘ನಿನ್ನನ್ನು ಕೇಳದೆ ಬರೆದದ್ದು ನನ್ನ ತಪ್ಪು’ ಅನ್ನು, ‘ಆದರೆ’ ಅಂತ ಮುಂದುವರಿಸಬೇಡ. ಸ್ವಲ್ಪ ದಿನ ಬಿಟ್ಟು, ಬಸುರಿ ಇದ್ದಾಗ ಅವರಿಗೆ ಕೊಟ್ಟ ತಾಯಿ ಕಾರ್ಡನ್ನು ಹೊರಗೆ ತೆಗೆಸು. ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅಂತ ಅದರಲ್ಲೇ ಚಿತ್ರ ಸಮೇತ ಇದೆ. ನಿನ್ನ ಪುಸ್ತಕಕ್ಕಿಂತ ಅತ್ತಿಗೆಗೆ ಅದರ ಮೇಲೆ ನಂಬಿಕೆ ಜಾಸ್ತಿ, ಅವರದೇ ಕಾರ್ಡಲ್ಲವೇ. ‘ನಿನಗೇನು ಅನ್ನಿಸುತ್ತೆ’ ಅಂತ ಕೇಳಿ ಸುಮ್ಮನಾಗು. ತಾಯಿಗೆ ಒಳಗೊಳಗೇ ಮೊದಲೇ ಅನುಮಾನ ಬಂದಿರುತ್ತದೆ. ಅವತ್ತು ಎದ್ದು ಹೋದದ್ದೂ ಅದಕ್ಕೇ ಇರಬಹುದು.

ನಿನ್ನ ಬಾಯಿಂದ ಬೇಡ ಅನ್ನಿಸಿದರೆ ಅಂಗನವಾಡಿ ಟೀಚರ್‌ಗೆ ಹೇಳು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರ್ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆ ತಡವಾದದ್ದು, ಹುಟ್ಟು ಕಿವುಡು ಎರಡೂ ಅವರ ಪಟ್ಟಿಯಲ್ಲಿವೆ. ಆದರೆ ಅವರು ಬರುವವರೆಗೆ ಕಾಯಬೇಡಿ, ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿ ಆಗದ್ದಕ್ಕೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮೈಸೂರು. ಮನೆಯವರು ಹುಣ್ಣಿಮೆಗೆ ಹುಲಿಗೆಮ್ಮನ ಹರಕೆ ಅಂದರೆ ಬೇಡ ಅನ್ನಬೇಡ, ನೀನೂ ಹೋಗು. ಆ ದೇವಸ್ಥಾನವಿರುವ ಹುಲಿಗಿಯಿಂದ ಕೊಪ್ಪಳದ ಆಸ್ಪತ್ರೆಯೇನೂ ದೂರವಿಲ್ಲ.

ಮೊಬೈಲ್ ಬಗ್ಗೆ ಭಾಷಣ ಮಾಡಬೇಡ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ಅತ್ತಿಗೆ ಒಬ್ಬರೇ ರೊಟ್ಟಿ ಬಡಿಯುವಾಗ ಮಗುವನ್ನು ಯಾರು ಆಡಿಸುತ್ತಾರೆ? ರಜೆಯಲ್ಲಿ ಆ ಹೊತ್ತು ನೀನು ಎತ್ತಿಕೋ. ಅವನ ಮುಖಕ್ಕೆ ಮುಖ ಕೊಟ್ಟು ಮಾತಾಡು.

ಅಪ್ಪನ ಮಾತಿಗೆ ಬರುತ್ತೇನೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಇವತ್ತು ತಾಲ್ಲೂಕುಗಳಲ್ಲಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗಳಿವೆ, ಮೇಲ್ವಿಚಾರಕಿಯರಿದ್ದಾರೆ, ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ ಇದೆ. ಇಂಥ ಕೆಲಸಗಳಿಗೆ ನಿನ್ನ ಓದು ಬೇಕಾಗುತ್ತದೆ. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಇದೆ. ಗೃಹ ವಿಜ್ಞಾನದಲ್ಲಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಬರೆದರೆ ಪಾಠ ಹೇಳುವ ಹಾದಿ. ಒಂದು ಎಚ್ಚರಿಕೆ: ಈ ಡಿಗ್ರಿಯಿಂದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬರುವುದಿಲ್ಲ, ಅದಕ್ಕೆ ಬೇರೆ ಓದು, ಬೇರೆ ನೋಂದಣಿ ಬೇಕು. ಅಪ್ಪನ ಸಿಟ್ಟು ಕೋರ್ಸ್ ಮೇಲಲ್ಲ, ಮಗ ಸೊಸೆ ಅತ್ತದ್ದರ ಮೇಲೆ. ಮನೆ ತಣ್ಣಗಾದರೆ ಅವರೇ ಬಸ್ ಹತ್ತಿಸುತ್ತಾರೆ.

ಆಸ್ಪತ್ರೆಗೆ ಹೋಗುವ ದಿನ ಅತ್ತಿಗೆ ಕರೆದರೆ ಮಾತ್ರ ಜೊತೆಗೆ ಹೋಗು, ಡಾಕ್ಟರ ಮುಂದೆ ಅವರೇ ಮಾತಾಡಲಿ. ಕಿವಿಯ ಒಂದು ಪರೀಕ್ಷೆಯಲ್ಲಿ ತಲೆಗೆ ಸಣ್ಣ ತಂತಿ ಅಂಟಿಸುತ್ತಾರೆ. ನೋವಿಲ್ಲ, ಆದರೆ ಮಗು ನಿದ್ದೆಯಲ್ಲಿರಬೇಕು. ಗಂಗಾವತಿಯಿಂದ ಕೊಪ್ಪಳಕ್ಕೆ ಒಂದು ತಾಸಿನ ಮೇಲೆ ಪ್ರಯಾಣ. ಬಸ್ಸಿನಲ್ಲೇ ಮಲಗಿಬಿಟ್ಟರೆ ಪರೀಕ್ಷೆ ಹೊತ್ತಿಗೆ ಎದ್ದು ಕೂರುತ್ತಾನೆ. ದಾರಿಯುದ್ದಕ್ಕೂ ಅವನನ್ನು ಎಚ್ಚರ ಇಡುವ ಕೆಲಸ ಸೋದರತ್ತೆಯದು.