ಬಲ್ಬ್ ಬದಲಾಯಿಸುವ ಮುಂಚೆ ಅರ್ತ್ ನೋಡಿ

ಪ್ರಶ್ನೆ: ನಮ್ಮ ತಂದೆಯವರ 1982ರ ಪ್ರೀಮಿಯರ್ ಪದ್ಮಿನಿ ಮಳೆಗಾಲವಿಡೀ ಶೆಡ್ಡಿನಲ್ಲಿತ್ತು. ಈಗ ಎಡಗಡೆ ಹೆಡ್‌ಲೈಟ್ ಮಂಕಾಗಿದೆ. ಲೈಟ್ ಹಾಕಿಕೊಂಡು ಬ್ರೇಕ್ ತುಳಿದರೆ ಬಲಗಡೆ ಟೇಲ್ ಲೈಟ್ ಆರಿ, ಅದೇ ಕಡೆಯ ಇಂಡಿಕೇಟರ್ ಸಣ್ಣಗೆ ಉರಿಯುತ್ತದೆ. ಎರಡು ಸಲ ಬಲ್ಬ್ ಬದಲಾಯಿಸಿದೆ. ಪೂರ್ತಿ ವೈರಿಂಗ್ ಹೊಸದಾಗಿ ಮಾಡಿಸಿ ಎನ್ನುತ್ತಾರೆ. ನಮ್ಮ ಕಡೆ ಆನೆ ಕಾಟ ಜಾಸ್ತಿ, ಸಂಜೆ ಮೇಲೆ ಕಾರು ತೆಗೆಯಲು ಧೈರ್ಯ ಬರುತ್ತಿಲ್ಲ. ಏನು ಮಾಡಲಿ?
– ಓದುಗರು, ಸಿದ್ದಾಪುರ

ಉತ್ತರ: ದಯವಿಟ್ಟು ವೈರಿಂಗ್ ಕೀಳಿಸಬೇಡಿ. ನಾನು ಗೋಣಿಕೊಪ್ಪದಲ್ಲಿ 31 ವರ್ಷ ಗಾಡಿ ವೈರಿಂಗ್ ಕೆಲಸ ಮಾಡಿದವನು. ಬ್ರೇಕ್ ತುಳಿದರೆ ಇಂಡಿಕೇಟರ್ ಉರಿಯುತ್ತದೆ ಎಂದಿರಲ್ಲ, ಅಷ್ಟು ಸಾಕು. ಅಲ್ಲಿ ಅರ್ತ್ ಹೋಗಿದೆ.

ಹಳೇ ಕಾರಿನಲ್ಲಿ ಕರೆಂಟ್ ಬಲ್ಬಿಗೆ ವೈರಿನಲ್ಲಿ ಹೋಗುತ್ತದೆ, ವಾಪಸ್ ಬರುವುದು ಕಾರಿನ ಬಾಡಿಯ ಮೂಲಕ. ಈ ವಾಪಸ್ ದಾರಿಗೇ ಅರ್ತ್ ಅನ್ನುವುದು. ಹಿಂದಿನ ಬಲ್ಬಿನೊಳಗೆ ಎರಡು ಫಿಲಮೆಂಟ್ ಇರುತ್ತವೆ. ಬ್ರೇಕಿಗೆ 21 ವಾಟ್, ಟೇಲ್ ಲೈಟಿಗೆ 5 ವಾಟ್. ಎರಡಕ್ಕೂ ಅರ್ತ್ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಆ ಬುಡದಿಂದ ಬಾಡಿಗೆ ದಾರಿ ತಪ್ಪಿದರೆ ಕರೆಂಟ್ ಬೇರೆ ದಾರಿ ಹಿಡಿಯುತ್ತದೆ. ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ವೈರಿನಲ್ಲೇ ಹಿಂದಕ್ಕೆ ಹರಿದು, ಮುಂದಿನ ಇಂಡಿಕೇಟರ್ ಹತ್ತಿರ ಅರ್ತ್ ಸೇರುತ್ತದೆ. ಅದಕ್ಕೇ ಇಂಡಿಕೇಟರ್ ಸಣ್ಣಗೆ ಉರಿಯುವುದು. ನೀವು ಎಷ್ಟು ಬಲ್ಬ್ ಹಾಕಿದರೂ ಇದು ಹೀಗೇ ಇರುತ್ತದೆ.

ಪರೀಕ್ಷೆ ಸುಲಭ. ಉದ್ದನೆಯ ಒಂದು ವೈರ್ ತೆಗೆದುಕೊಳ್ಳಿ. ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿ. ಲೈಟ್ ಹಾಕಿ, ಒಬ್ಬರು ಬ್ರೇಕ್ ತುಳಿಯಲಿ. ಇನ್ನೊಂದು ತುದಿಯನ್ನು ಹಿಂದೆ ಬಲಗಡೆ ಬಲ್ಬ್ ಕೂರುವ ಹೋಲ್ಡರಿನ ಲೋಹಕ್ಕೆ ತಾಗಿಸಿ. ಬೆಳಕು ತಟ್ಟನೆ ಸರಿಯಾದರೆ ಕಾಯಿಲೆ ಸಿಕ್ಕಿತು.

ಹಿಂದೆ ಪಾಲಿಬೆಟ್ಟದ ಕಡೆಯ ತೋಟದಿಂದ ಒಂದು ಪದ್ಮಿನಿ ನನ್ನ ಹತ್ತಿರ ಬಂದಿತ್ತು. ಆಗತಾನೇ ಪೇಂಟ್ ಆಗಿತ್ತು, ಹಾಲಿನಂಥ ಬಿಳಿ. ಮೂರು ಬಲ್ಬ್, ಒಂದು ಸ್ವಿಚ್ ಬದಲಾಗಿತ್ತು. ವೈರ್ ತಾಗಿಸಿದ ಕೂಡಲೇ ಹಿಂದೆ ನಿಂತಿದ್ದ ಮಾಲೀಕರು "ಬಂತು, ಬಂತು!" ಎಂದು ಕೂಗಿದರು. ಲೈಟ್ ಬಿಚ್ಚಿ ನೋಡಿದರೆ ಸ್ಕ್ರೂ ಕೂರುವ ಜಾಗದಲ್ಲೂ ಪೇಂಟ್ ಹೊಡೆದಿದ್ದರು. ಎಂಟಾಣೆ ಅಗಲದಷ್ಟು ಜಾಗ ಉಪ್ಪುಕಾಗದದಲ್ಲಿ ಉಜ್ಜಿದೆ. ಬಿಳಿ ಹೋಯಿತು, ಅದರಡಿಯ ಪ್ರೈಮರ್ ಹೋಯಿತು, ಕೊನೆಗೆ ಬರೀ ತಗಡು ಹೊಳೆಯಿತು. ಸ್ಕ್ರೂ ಬಿಗಿದೆ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದೆ. ಅಷ್ಟೇ ಕೆಲಸ.

ನಿಮ್ಮದರಲ್ಲಿ ಪೇಂಟ್ ಬದಲು ತುಕ್ಕು ಇರಬಹುದು. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್ಡಿನ ಗಾಳಿಯೇ ಒದ್ದೆ. ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಅದರ ಸ್ಪ್ರಿಂಗ್ ಸಡಿಲವಾಗುತ್ತದೆ. ಬಲ್ಬ್ ತೆಗೆದು ಒಳಗೆ ಬೆರಳಿಟ್ಟು ಒತ್ತಿ ನೋಡಿ, ಪುಟಿದು ಬರಬೇಕು. ಶೆಡ್ಡಿನಲ್ಲಿ ಇಲಿ ವೈರ್ ಕಡಿದಿದೆಯಾ ಅಂತಲೂ ಒಮ್ಮೆ ನೋಡಿಬಿಡಿ.

ಇನ್ನು ಎಡ ಹೆಡ್‌ಲೈಟ್. ಒಂದೇ ಕಡೆ ಮಂಕು ಅಂದರೆ ಬ್ಯಾಟರಿ, ಡೈನಮೊ ಮೇಲೆ ಅನುಮಾನ ಬೇಡ. ಅವು ಕೆಟ್ಟಿದ್ದರೆ ಎರಡೂ ಮಂಕಾಗುತ್ತಿದ್ದವು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಲೈಟ್ ಉರಿಯುತ್ತಿರುವಾಗಲೇ ಒಂದು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಹೆಡ್‌ಲೈಟಿನ ಅರ್ತ್ ಪಿನ್ನಿಗೆ ಹಿಡಿಯಿರಿ. 0.2 ವೋಲ್ಟ್ ಒಳಗೆ ಬಂದರೆ ಅರ್ತ್ ಚೆನ್ನಾಗಿದೆ. 1 ವೋಲ್ಟ್ ಬಂದರೆ ಅಷ್ಟು ದಾರಿಯಲ್ಲೇ ಪೋಲು. ಒಂದು ವೋಲ್ಟ್ ತಾನೇ ಅನ್ನಬೇಡಿ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ಹೆಚ್ಚುಕಡಿಮೆ ನೂರಕ್ಕೆ ಮೂವತ್ತು ಇಳಿಯುತ್ತದೆ. ತಿರುವಿನಲ್ಲಿ ಆನೆ ನಿಂತಿದ್ದರೆ ಆ ಮೂವತ್ತು ಎಷ್ಟು ದೊಡ್ಡದು ಅಂತ ಸಿದ್ದಾಪುರದವರಿಗೆ ನಾನು ಹೇಳಬೇಕಾಗಿಲ್ಲ.

ಅರ್ತ್ ಸರಿ ಇದ್ದರೆ ಫ್ಯೂಸ್ ಬಾಕ್ಸ್ ನೋಡಿ. ಎರಡೂ ತುದಿ ಚೂಪಾಗಿರುವ ಹಳೇ ಫ್ಯೂಸ್ ಇದ್ದರೆ, ಲೈಟ್ ಆರಿಸಿ, ಕೂತಲ್ಲೇ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ. ಎಷ್ಟೋ ಸಲ ಅಷ್ಟರಲ್ಲೇ ಬೆಳಕು ಬಂದಿದೆ. ಫ್ಯೂಸ್ ಹೋಗಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಬೇಡಿ. ಆಮೇಲೆ ಫ್ಯೂಸ್ ಬದಲು ವೈರೇ ಸುಡುತ್ತದೆ. ಹಾಗೆ ಸುಟ್ಟ ಕಾರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಳಕು ಇನ್ನೂ ಬೇಕು ಅಂತ 100 ವಾಟ್ ಬಲ್ಬಿಗೆ ಹೋಗಬೇಡಿ. ಹಳೇ ಸ್ವಿಚ್ ಅದನ್ನು ತಡೆಯುವುದಿಲ್ಲ. 60/55 ವಾಟ್ ಬಲ್ಬನ್ನೇ ಹಾಕಿ, ಡಿಮ್ಮಿಗೊಂದು ಬ್ರೈಟಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ. ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಲೈಟಿಗೆ ಹೋಗಲಿ, ಹಳೇ ಸ್ವಿಚ್ಚಿನ ಕೆಲಸ ರಿಲೇ ಆನ್ ಮಾಡುವುದಷ್ಟೇ ಆಗಲಿ. ತಂದೆಯವರ ಕಾಲದ ಸ್ವಿಚ್ ಇನ್ನೂ ಬಹಳ ವರ್ಷ ಬಾಳುತ್ತದೆ.

ಪ್ರಶ್ನೆ: ನಮ್ಮ ವಿಲ್ಲೀಸ್ ಜೀಪಿನಲ್ಲಿ ಈಗಲೂ 6 ವೋಲ್ಟ್. ಹೋದ ವರ್ಷ ಹೊಸ ವೈರಿಂಗ್ ಮಾಡಿಸಿದ ಮೇಲೆ ಲೈಟ್ ಮೊದಲಿಗಿಂತ ಮಂಕು. 12 ವೋಲ್ಟ್ ಮಾಡಿಸಲೇ?
– ಓದುಗರು, ನಾಪೋಕ್ಲು

ಉತ್ತರ: ಅವಸರ ಬೇಡ. ಹೊಸ ವೈರ್ ಎಷ್ಟು ದಪ್ಪ ಇದೆ, ಮೊದಲು ಅದನ್ನು ನೋಡಿ. 45 ವಾಟ್ ಬಲ್ಬ್ 12 ವೋಲ್ಟಿನಲ್ಲಿ 3.75 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 7.5 ಆಂಪಿಯರ್ ಎಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ 12 ವೋಲ್ಟ್ ಕಾರಿನ ವೈರ್ ಹಾಕಿದ್ದರೆ ಒಂದಿಷ್ಟು ಶಕ್ತಿ ವೈರ್ ಬಿಸಿ ಮಾಡುವುದಕ್ಕೇ ಹೋದಂತೆ. ಐದು ನಿಮಿಷ ಲೈಟ್ ಉರಿಸಿ ವೈರ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಹೆಡ್‌ಲೈಟಿಗೆ ಹೋಗುವ ವೈರುಗಳನ್ನು ಮಾತ್ರ ದಪ್ಪದ್ದು ಹಾಕಿಸಿ. ಜೊತೆಗೆ ಇಂಜಿನ್‌ನಿಂದ ಚಾಸಿಗೆ ಬರುವ ಹೆಣೆದ ಅರ್ತ್ ಪಟ್ಟಿ ನೋಡಿ. ಇಂಜಿನ್ ಕೂತಿರುವುದು ರಬ್ಬರ್ ಮೇಲೆ, ಅಲ್ವಾ? ಅದಕ್ಕೆ ಅರ್ತ್ ಕೊಡುವುದೇ ಆ ಪಟ್ಟಿ. ಎಳೆ ಹರಿದಿದ್ದರೆ ಇವತ್ತೇ ಬದಲಾಯಿಸಿ.